ಗುದ್ದಿದ ಕಾರಿಗೆ ಯಾವ ಗ್ಯಾರೇಜ್? ಹೇಳಬೇಕಾದವರು ನೀವೇ

ಪ್ರಶ್ನೆ: ಕಳೆದ ವಾರ ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ಕಾಡುಹಂದಿ ಅಡ್ಡ ಬಂತು. ತಪ್ಪಿಸಲು ಹೋಗಿ ಕಾರು ಧರೆಗೆ ಗುದ್ದಿತು. ಬಂಪರ್, ಬಾನೆಟ್ ಹೋಗಿವೆ. ಹುಬ್ಬಳ್ಳಿಯ ಶೋರೂಂಗೇ ಒಯ್ಯಬೇಕು ಎಂದು ವಿಮಾ ಕಂಪನಿಯವರು ಹೇಳುತ್ತಿದ್ದಾರೆ. ಶಿರಸಿಯಲ್ಲಿ ನನಗೆ ನಂಬಿಕೆಯ ಗ್ಯಾರೇಜ್ ಇದೆ. ಅಲ್ಲಿ ಮಾಡಿಸಿದರೆ ದುಡ್ಡು ಬರೋದಿಲ್ವಾ? ಎಕ್ಸ್‌ಟೆಂಡೆಡ್ ವಾರಂಟಿಯೂ ಹೋಗುತ್ತದಂತೆ. ಕಾರು 1200 ಸಿಸಿ, ನಾಲ್ಕೂವರೆ ವರ್ಷ ಹಳೆಯದು. – ಓದುಗರು, ಶಿರಸಿ

ಉತ್ತರ: ಯಾರಿಗೂ ಪೆಟ್ಟಾಗಲಿಲ್ಲವಲ್ಲ, ಅದೇ ದೊಡ್ಡದು.

ಶೋರೂಂಗೇ ಒಯ್ಯಬೇಕು ಅನ್ನುವ ಮಾತು ಪಾಲಿಸಿಯಲ್ಲಿ ಎಲ್ಲಿದೆ, ತೋರಿಸಿ ಅಂತ ಕೇಳಿ. ಫೋನಿನಲ್ಲಲ್ಲ, ಇಮೇಲಿನಲ್ಲಿ. ಸಾಮಾನ್ಯ ಪಾಲಿಸಿಯಲ್ಲಿ ಹಾಗೆ ಇರುವುದಿಲ್ಲ. ಕಂಪನಿಯ ಜೊತೆ ಒಪ್ಪಂದ ಇರುವ ಗ್ಯಾರೇಜಾದರೆ ಕ್ಯಾಶ್‌ಲೆಸ್ ಸಿಗುತ್ತದೆ, ಅಂದರೆ ಕಂಪನಿ ತನ್ನ ಪಾಲನ್ನು ನೇರವಾಗಿ ಗ್ಯಾರೇಜಿಗೇ ಕಟ್ಟುತ್ತದೆ. ಬೇರೆ ಕಡೆಯಾದರೆ ಮೊದಲು ನೀವು ಕಟ್ಟಿ, ಬಿಲ್ಲು ಕೊಟ್ಟು ಆಮೇಲೆ ಪಡೆಯಬೇಕು. ವ್ಯತ್ಯಾಸ ಇಷ್ಟೇ. ಇನ್ನೊಂದು ಮಾತು: ಕೆಟ್ಟ ಕಾರನ್ನು ಹತ್ತಿರದ ಗ್ಯಾರೇಜಿಗೆ ಎಳೆದು ಒಯ್ಯಲು ಸಾಮಾನ್ಯ ಪಾಲಿಸಿ ಕೊಡುವುದು ಹೆಚ್ಚೆಂದರೆ 1,500 ರೂಪಾಯಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. 1,500ಕ್ಕಿಂತ ಹೆಚ್ಚಾಗುವ ಎಳೆದೊಯ್ಯುವ ಖರ್ಚು ಯಾರದ್ದು ಅಂತ ಅದೇ ಇಮೇಲಿನಲ್ಲಿ ಕೇಳಿಬಿಡಿ. ಎಷ್ಟೋ ಸಲ ಒತ್ತಾಯ ಅಲ್ಲಿಗೇ ನಿಲ್ಲುತ್ತದೆ.

ಆದರೆ ಸರ್ವೇ, ಅಂದರೆ ಕಂಪನಿ ನೇಮಿಸುವ ಸರ್ವೇಯರ್ ಬಂದು ಹಾನಿ ಅಂದಾಜು ಮಾಡುವ ಕೆಲಸ, ಆಗುವವರೆಗೆ ಗ್ಯಾರೇಜಿನವರು ಒಂದು ಸ್ಕ್ರೂ ಕೂಡ ಬಿಚ್ಚಬಾರದು. ಹಳೆಯ ನಮೂನೆಯ ಪಾಲಿಸಿಗಳಲ್ಲಿ ಕಂಪನಿಯನ್ನು ಕೇಳದೆ ನೀವೇ ಮಾಡಿಸಬಹುದಾದ ರಿಪೇರಿಯ ಮಿತಿ ಬರೀ 500 ರೂಪಾಯಿ. ಈ ಕಾಲದಲ್ಲಿ 500ಕ್ಕೆ ಏನು ಬರುತ್ತದೋ ದೇವರಿಗೇ ಗೊತ್ತು. ಆದರೂ ಷರತ್ತು ಷರತ್ತೇ. ಹೊರಗಿನಿಂದ ಕಾಣದ ಪೆಟ್ಟು, ಉದಾಹರಣೆಗೆ ರೇಡಿಯೇಟರ್ ಬಿರುಕು, ಬಿಚ್ಚಿದ ಮೇಲೆ ಕಂಡರೆ ಕೆಲಸ ನಿಲ್ಲಿಸಿ, ಫೋಟೊ ತೆಗೆದು ಸರ್ವೇಯರನ್ನು ಮತ್ತೆ ಕರೆಸಬೇಕು. ಹಾಗೆ ಕರೆಸುವುದು ನಿಮ್ಮ ಹಕ್ಕು, ಉಪಕಾರ ಕೇಳಿದಂತೆ ಕೇಳಬೇಡಿ. ವಿಮಾ ನಿಯಂತ್ರಕರ 2024ರ ಸುತ್ತೋಲೆಯ ಪ್ರಕಾರ ನೀವು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, ಅವರ ವರದಿ 15 ದಿನದಲ್ಲಿ ಬರಬೇಕು, ವರದಿ ಕೈ ಸೇರಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ವರದಿಯ ಪ್ರತಿ ಕೇಳಿ ಪಡೆಯಿರಿ.

ಈ ಪ್ರತಿ ಯಾಕೆ ಬೇಕು ಅಂದರೆ, ಜಾಸ್ತಿ ಜನ ಮೋಸ ಹೋಗುವುದು ಗ್ಯಾರೇಜಿನಲ್ಲಲ್ಲ, ಸವಕಳಿ ಲೆಕ್ಕದಲ್ಲಿ, ಅಂದರೆ ಭಾಗ ಹಳೆಯದಾಗಿದೆ ಅಂತ ಕಂಪನಿ ಕಡಿಯುವ ಹಣದಲ್ಲಿ. ಝೀರೋ ಡೆಪ್ (ಸವಕಳಿ ಕಡಿಯದಂತೆ ಹೆಚ್ಚಿನ ಹಣ ಕೊಟ್ಟು ಪಡೆಯುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50 ಕಡಿತ. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡುತ್ತಾರೆ. ನಿಮ್ಮದು ನಾಲ್ಕರಿಂದ ಐದು ವರ್ಷದ ನಡುವಿನದ್ದು, ಹಾಗಾಗಿ ಶೇ 35. ಲೆಕ್ಕಕ್ಕೆ ಬಂಪರ್ 8,000, ಬಾನೆಟ್ 12,000, ಪೇಂಟಿಂಗ್ 10,000 ಅಂತ ಹಿಡಿಯೋಣ. ಬಂಪರಿಗೆ 4,000, ಬಾನೆಟ್ಟಿಗೆ 4,200 ಹೋಯಿತು. ಪೇಂಟಿಂಗಿನಲ್ಲಿ ಎಚ್ಚರ: ಶೇ 50 ಕಡಿತ ಬಣ್ಣದ ಸಾಮಾನಿಗೆ ಮಾತ್ರ, ಕೂಲಿಗಲ್ಲ. ಬಿಲ್ಲಿನಲ್ಲಿ ಎರಡೂ ಒಟ್ಟಿಗೆ ಇದ್ದರೆ ಸಾಮಾನು ಶೇ 25 ಎಂದು ಹಿಡಿಯಬೇಕು. ಅಂದರೆ 10,000ದಲ್ಲಿ ಕಡಿತ 1,250 ಮಾತ್ರ. 5,000 ಕಡಿದಿದ್ದರೆ ಬಿಡಬೇಡಿ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನೀವು ಭರಿಸಬೇಕಾದ್ದು ಇನ್ನೊಂದು 1,000. ಒಟ್ಟು 10,450 ನಿಮ್ಮ ಕೈಯಿಂದ, ಉಳಿದ 19,550 ಕಂಪನಿಯದ್ದು.

ವಾರಂಟಿ ವಿಷಯಕ್ಕೆ ಬಂದರೆ, ಇದೇ ರಗಳೆ ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಇರುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗದವರೆಗೆ ಹೋಗಿತ್ತು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವಂತಿಲ್ಲ, ಅಲ್ಲಿನ ತಪ್ಪು ಕೆಲಸದಿಂದ ಏನು ಹಾಳಾಯಿತೋ ಅಷ್ಟಕ್ಕೆ ಮಾತ್ರ ಇಲ್ಲ ಅನ್ನಬಹುದು ಅಂತ ಹೇಳಿತು. ಕಂಪನಿಗಳು ಮೇಲ್ಮನವಿ ಹಾಕಿದವು. ಎಕ್ಸ್‌ಟೆಂಡೆಡ್ ವಾರಂಟಿಗೆ ಬೇರೆಯೇ ಷರತ್ತುಗಳಿರಬಹುದು, ಆ ಹಾಳೆ ಒಮ್ಮೆ ಓದಿ. ನನ್ನ ಅಭಿಪ್ರಾಯ ಕೇಳಿದರೆ, ಬಂಪರ್-ಬಾನೆಟ್ ಕೆಲಸಕ್ಕೆ ಶಿರಸಿಯೇ ಸಾಕು. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಮಾತ್ರ ಶೋರೂಂಗೇ ಹೋಗಿ ಎನ್ನುತ್ತಿದ್ದೆ.

ಕಂಪನಿ ಒಪ್ಪದಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ, ದೂರು ಆನ್‌ಲೈನಿನಲ್ಲೇ ಹಾಕಬಹುದು. ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ಪ್ರಶ್ನೆ: ಯಲ್ಲಾಪುರದಿಂದ ಬರುವಾಗ ಅರಬೈಲ್ ಘಟ್ಟದಲ್ಲಿ ಕಾರಿನ ತಳ ಕಲ್ಲಿಗೆ ಬಡಿಯಿತು. ಹಾಗೇ ಓಡಿಸಿಕೊಂಡು ಬಂದೆ. ಅಂಕೋಲಾ ದಾಟಿದ ಮೇಲೆ ಎಂಜಿನ್ ಸೀಜ್ ಆಯಿತು. ಎಂಜಿನ್ ತಳದ ಆಯಿಲ್ ಚೇಂಬರಿಗೆ ಮಾತ್ರ ದುಡ್ಡು, ಎಂಜಿನ್ನಿಗೆ ಇಲ್ಲ ಎಂದು ವಿಮಾ ಕಂಪನಿಯವರು ಹೇಳುತ್ತಾರೆ. ಇದು ಸರಿಯೇ? – ಓದುಗರು, ಕಾರವಾರ

ಉತ್ತರ: ಬೇಸರದ ಉತ್ತರ, ಆದರೆ ಹೆಚ್ಚಿನ ಮಟ್ಟಿಗೆ ಅವರು ಹೇಳಿದ್ದು ಸರಿ. ಪೆಟ್ಟು ಬಿದ್ದ ಮೇಲೆ ರಿಪೇರಿ ಮಾಡಿಸದೆ ಓಡಿಸಿದರೆ ಮುಂದಿನ ಹಾನಿ ನಿಮ್ಮ ಹೊಣೆ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಎಂಜಿನ್ ರಕ್ಷಣೆಯ ಆಡ್-ಆನ್ (ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳುವ ಸೌಲಭ್ಯ) ಏನಾದರೂ ತೆಗೆದುಕೊಂಡಿದ್ದೀರಾ ನೋಡಿ, ಇದ್ದರೆ ದಾರಿ ಇದೆ. ಇಲ್ಲದಿದ್ದರೆ ಆಯಿಲ್ ದೀಪ ಎಲ್ಲಿ ಹತ್ತಿತು, ಎಷ್ಟು ದೂರಕ್ಕೆ ನಿಲ್ಲಿಸಿದಿರಿ ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆದು ಸರ್ವೇಯರಿಗೆ ಕೊಡಿ. ದೀಪ ಕಂಡ ಕೂಡಲೇ ನಿಲ್ಲಿಸಿದ್ದರೆ ವಾದಕ್ಕೆ ಜಾಗ ಇದೆ. ದೀಪ ನೋಡಿಯೂ ಹತ್ತಾರು ಕಿಲೋಮೀಟರ್ ಬಂದಿದ್ದರೆ ಚೇಂಬರಿನ ದುಡ್ಡು ತೆಗೆದುಕೊಂಡು ಸುಮ್ನಾಗುವುದೇ ಮೇಲು.