ಹಿಂದಿನ ಸ್ಥಿತಿಗೆ ಮರಳಲು ಒಲ್ಲದ ಕಂಪ್ಯೂಟರ್

ಪ್ರಶ್ನೆ: ನಾನು ಬದಿಯಡ್ಕದ ಬಳಿ ಸಣ್ಣ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆ ಮುಂತಾದವು ನನ್ನ ಕೆಲಸ. ಪ್ರಿಂಟರಿನ ಹೊಸ ಡ್ರೈವರ್ (ಪ್ರಿಂಟರನ್ನು ಕಂಪ್ಯೂಟರಿನೊಂದಿಗೆ ಬೆಸೆಯುವ ತಂತ್ರಾಂಶ) ಹಾಕಿದ ಮೇಲೆ ವಿಂಡೋಸ್ 10 ಇರುವ ನನ್ನ ಕಂಪ್ಯೂಟರ್ ಪದೇಪದೇ ಸ್ತಬ್ಧವಾಗುತ್ತಿದೆ. ಸಿಸ್ಟಮ್ ರಿಸ್ಟೋರ್ ಮಾಡಲು, ಅಂದರೆ ಕಂಪ್ಯೂಟರನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯಲು, ಮೂರು ಬಾರಿ ಯತ್ನಿಸಿದೆ. ಪ್ರತಿ ಸಲವೂ ಬಹಳ ಹೊತ್ತು ಓಡಿ, ಕೊನೆಗೆ ರಿಸ್ಟೋರ್ ಪೂರ್ಣಗೊಳ್ಳಲಿಲ್ಲ ಎಂಬ ಸೂಚನೆಯೂ 80070005 ಎಂದು ಮುಗಿಯುವ ಸಂಖ್ಯೆಯೂ ಕಾಣಿಸುತ್ತವೆ. ಇದರ ನಡುವೆ ಸಿಡಿಲು ಮಳೆಗೆ ಎರಡು ಸಲ ಕರೆಂಟು ಹೋಗಿ ಕಂಪ್ಯೂಟರ್ ಹಠಾತ್ತನೆ ನಿಂತಿತ್ತು. ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎಂದು ರಿಪೇರಿಯವರು ಹೇಳುತ್ತಾರೆ. ನುಡಿ ತಂತ್ರಾಂಶ, ಹಳೆಯ ಪೇಜ್‌ಮೇಕರ್, ಹತ್ತಾರು ಅಕ್ಷರಶೈಲಿಗಳು ಎಲ್ಲವನ್ನೂ ಮತ್ತೆ ಹೊಂದಿಸುವುದು ನನ್ನಿಂದಾಗದು. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಮಾಡುವ ಹಂತಕ್ಕೆ ನೀವಿನ್ನೂ ಬಂದಿಲ್ಲ. ಆ ಸೂಚನೆಯ ಎರಡನೆಯ ಸಾಲನ್ನು ಗಮನಿಸಿ: ಸಿಸ್ಟಮ್ ಫೈಲುಗಳೂ ಸೆಟ್ಟಿಂಗುಗಳೂ ಬದಲಾಗಿಲ್ಲ ಎಂದು ಅದು ತಿಳಿಸುತ್ತದೆ. ಅಂದರೆ ಮೂರು ಬಾರಿಯ ವಿಫಲ ಯತ್ನದಿಂದ ಹೊಸ ಹಾನಿಯೇನೂ ಆಗಿಲ್ಲ. ಹಾಗಿದ್ದರೂ ನಾಲ್ಕನೆಯ ಯತ್ನಕ್ಕೆ ಮೊದಲು ನಿಮ್ಮ ಎಲ್ಲ ಕಡತಗಳನ್ನೂ ಅಕ್ಷರಶೈಲಿಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಸಿಸ್ಟಮ್ ರಿಸ್ಟೋರ್ ನಿಮ್ಮ ಆಮಂತ್ರಣಪತ್ರಿಕೆಗಳನ್ನು ಮುಟ್ಟುವುದಿಲ್ಲ, ಆದರೆ ಅಳಿಸಿಹೋದ ಆಮಂತ್ರಣಪತ್ರಿಕೆಯನ್ನು ಮರಳಿ ತಂದುಕೊಡುವುದೂ ಇಲ್ಲ. ಅದು ಹಿಂದಕ್ಕೆ ಒಯ್ಯುವುದು ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗುಗಳ ಸಂಗ್ರಹ), ಸಿಸ್ಟಮ್ ಫೈಲುಗಳು, ಡ್ರೈವರುಗಳು ಮತ್ತು ತಂತ್ರಾಂಶಗಳನ್ನು ಮಾತ್ರ.

ನಿಮ್ಮ ತೊಂದರೆ ಒಂದು ಪ್ರಿಂಟರ್ ಡ್ರೈವರಿನಿಂದ ಆರಂಭವಾದುದು. ಹಾಗಾಗಿ ಇಡೀ ವ್ಯವಸ್ಥೆಯನ್ನು ಹಿಂದಕ್ಕೆ ಒಯ್ಯುವ ಮೊದಲು ಆ ಡ್ರೈವರನ್ನಷ್ಟೇ ತೆಗೆದು ನೋಡುವುದು ಸರಿಯಾದ ಕ್ರಮವೆಂದು ನನಗೆ ತೋರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರುಗಳ ಪಟ್ಟಿಗೆ ಹೋಗಿ ಅದನ್ನು ತೆಗೆದುಹಾಕಿ. ಇಷ್ಟರಿಂದ ಡ್ರೈವರ್ ಹೋಗುವುದಿಲ್ಲ. ಅದೇ ಪುಟದಲ್ಲಿ ಸಿಗುವ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನ ಡ್ರೈವರ್ಸ್ ವಿಭಾಗದಲ್ಲಿ ಅದರ ಹೆಸರನ್ನು ಆರಿಸಿ, ಡ್ರೈವರ್ ಮತ್ತು ಪ್ಯಾಕೇಜ್ ಎರಡನ್ನೂ ಅಳಿಸಬೇಕು. ಕಂಪ್ಯೂಟರನ್ನು ಮತ್ತೆ ಆರಂಭಿಸಿದಾಗ ತೊಂದರೆ ನಿಂತಿದ್ದರೆ ರಿಸ್ಟೋರಿನ ಅಗತ್ಯವೇ ಇಲ್ಲ.

ನಿಲ್ಲದಿದ್ದರೆ ಆ ಸಂಖ್ಯೆಯ ಅರ್ಥಕ್ಕೆ ಬರೋಣ. 80070005 ಎಂದರೆ ಯಾವುದೋ ಫೈಲಿಗೆ ಪ್ರವೇಶ ನಿರಾಕರಿಸಲಾಗಿದೆ ಎಂದು. ರಿಸ್ಟೋರ್ ನಡೆಯುವಾಗ ಸಾವಿರಾರು ಫೈಲುಗಳ ಸ್ಥಾನದಲ್ಲಿ ಅವುಗಳ ಹಳೆಯ ರೂಪಗಳನ್ನು ಕೂರಿಸಬೇಕಾಗುತ್ತದೆ. ಆಂಟಿವೈರಸ್ ತಂತ್ರಾಂಶವಾದರೋ ತನ್ನ ಫೈಲುಗಳನ್ನು ಯಾರೂ ಬದಲಿಸದಂತೆ ಕಾಯುತ್ತಿರುತ್ತದೆ. ಬದಲಿಸಲು ಬಂದದ್ದು ವೈರಸ್ಸೋ ವಿಂಡೋಸೋ ಎಂದು ಅದು ವಿಚಾರಿಸುವುದಿಲ್ಲ. ಒಂದೇ ಒಂದು ಫೈಲಿನಲ್ಲಿ ತಡೆಯಾದರೂ ರಿಸ್ಟೋರ್ ಅಷ್ಟರವರೆಗಿನ ಕೆಲಸವನ್ನೆಲ್ಲ ಕೈಬಿಡುತ್ತದೆ. ಆದ್ದರಿಂದ ಆಂಟಿವೈರಸ್ ಓಡದಿರುವ ಸ್ಥಿತಿಯಲ್ಲಿ, ಅಂದರೆ ಸೇಫ್ ಮೋಡ್‌ನಲ್ಲಿ, ರಿಸ್ಟೋರ್ ಮಾಡಬೇಕು. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರಿಸ್ಟಾರ್ಟ್ ಕೊಟ್ಟರೆ ನೀಲಿ ಪರದೆಯೊಂದು ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಮುಂದುವರಿದು ರಿಸ್ಟಾರ್ಟ್ ಕೊಟ್ಟು, ಬಳಿಕ ಕಾಣುವ ಪಟ್ಟಿಯಲ್ಲಿ 4 ಎಂಬ ಅಂಕಿಯನ್ನು ಒತ್ತಿ, ಸೇಫ್ ಮೋಡ್ ತೆರೆದ ಮೇಲೆ ರಿಸ್ಟೋರ್ ನಡೆಸಿ. ಅಲ್ಲಿಯೂ ಸಾಧ್ಯವಾಗದಿದ್ದರೆ ಅದೇ ನೀಲಿ ಪರದೆಯ ಅಡ್ವಾನ್ಸ್ಡ್ ಆಪ್ಷನ್ಸ್‌ನೊಳಗೇ ಸಿಸ್ಟಮ್ ರಿಸ್ಟೋರ್ ಇದೆ. ಆ ಹೊತ್ತಿನಲ್ಲಿ ನಿಮ್ಮ ವಿಂಡೋಸ್ ಓಡುತ್ತಿರುವುದೇ ಇಲ್ಲವಾದ ಕಾರಣ ಫೈಲುಗಳನ್ನು ಹಿಡಿದಿಟ್ಟುಕೊಳ್ಳುವವರು ಯಾರೂ ಇರುವುದಿಲ್ಲ. ಸೇಫ್ ಮೋಡ್‌ನಲ್ಲಿ ಮಾಡಿದ ರಿಸ್ಟೋರನ್ನು ಮತ್ತೆ ರದ್ದುಗೊಳಿಸಲು ಬರುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ನುಡಿಯ ವಿಷಯದಲ್ಲಿ ನಿಮ್ಮ ಚಿಂತೆ ನ್ಯಾಯವಾದದ್ದೇ. ರಿಸ್ಟೋರ್ ಪಾಯಿಂಟ್ (ಮರಳಲೆಂದು ವಿಂಡೋಸ್ ಉಳಿಸಿಟ್ಟ ಹಿಂದಿನ ಸ್ಥಿತಿ) ಉಂಟಾದ ದಿನದ ಬಳಿಕ ಹಾಕಿಕೊಂಡ ತಂತ್ರಾಂಶಗಳು ರಿಸ್ಟೋರಿನ ನಂತರ ಇರುವುದಿಲ್ಲ. ದಿನಾಂಕವನ್ನು ಆರಿಸುವ ಕಿಟಕಿಯಲ್ಲೇ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಎಂಬ ಗುಂಡಿಯಿದೆ. ಯಾವ ತಂತ್ರಾಂಶಗಳು ಹೋಗುತ್ತವೆ ಎಂಬುದನ್ನು ಅದು ಮೊದಲೇ ತೋರಿಸುತ್ತದೆ. ಆ ಪಟ್ಟಿಯಲ್ಲಿ ನುಡಿಯಾಗಲಿ ಪೇಜ್‌ಮೇಕರ್ ಆಗಲಿ ಕಂಡುಬಂದರೆ ಬೇರೆ ದಿನಾಂಕವನ್ನು ಆರಿಸಿ.

ಕರೆಂಟು ಹೋದ ಸಂಗತಿಯನ್ನು ನೀವು ಪ್ರಾಸಂಗಿಕವಾಗಿ ಬರೆದಿದ್ದೀರಿ, ಆದರೆ ಅದೇ ಮುಖ್ಯ ಕಾರಣವೂ ಆಗಿರಬಹುದು. ಡಿಸ್ಕಿನಲ್ಲಿ ಬರವಣಿಗೆ ನಡೆಯುತ್ತಿರುವಾಗ ವಿದ್ಯುತ್ ನಿಂತರೆ ಫೈಲ್ ವ್ಯವಸ್ಥೆ ಕೆಡಬಹುದು. ಸೇಫ್ ಮೋಡ್‌ನಲ್ಲಿಯೂ ರಿಸ್ಟೋರ್ ವಿಫಲವಾದರೆ ಸಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ವಿಭಾಗಕ್ಕೆ ಹೋಗಿ ಡಿಸ್ಕನ್ನು ಪರೀಕ್ಷಿಸಿ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಈ ಪರೀಕ್ಷೆ ಬೇಡ. ಅಂಥ ಡಿಸ್ಕಿಗೆ ಹೆಚ್ಚಿನ ಕೆಲಸ ಕೊಡದೆ, ಇರುವ ಕಡತಗಳನ್ನು ಉಳಿಸಿಕೊಂಡು ಡಿಸ್ಕನ್ನೇ ಬದಲಿಸಬೇಕು. ಸದ್ದಿಲ್ಲದ ಡಿಸ್ಕಾದರೆ, ಪರೀಕ್ಷೆಯ ಬಳಿಕ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಸ್ಮ್ ಆದೇಶದ ರಿಸ್ಟೋರ್‌ಹೆಲ್ತ್ ಕ್ರಿಯೆಯನ್ನೂ (DISM /Online /Cleanup-Image /RestoreHealth) ಅನಂತರ ಎಸ್‌ಎಫ್‌ಸಿ ಆದೇಶದ ಸ್ಕ್ಯಾನ್‌ನೌ ಕ್ರಿಯೆಯನ್ನೂ (sfc /scannow) ನಡೆಸಿ. ಎಸ್‌ಎಫ್‌ಸಿ ಕೆಟ್ಟ ಫೈಲುಗಳಿಗೆ ಬದಲಿಯನ್ನು ವಿಂಡೋಸಿನ ಒಳಗಿನ ಸಂಗ್ರಹದಿಂದ ತರುತ್ತದೆ. ಆ ಸಂಗ್ರಹವನ್ನು ಅಂತರಜಾಲದ ಮೂಲಕ ಸರಿಪಡಿಸುವುದು ಡಿಸ್ಮ್. ಸಂಗ್ರಹವೇ ಕೆಟ್ಟಿದ್ದರೆ ಎಸ್‌ಎಫ್‌ಸಿಯನ್ನು ಎಷ್ಟು ಸಲ ಓಡಿಸಿದರೂ ಫಲವಿಲ್ಲ.

ಈ ಯಾವ ಕೆಲಸವನ್ನೂ ಸಿಡಿಲು ಮಳೆ ಬರುವ ತುಲಾಮಾಸದ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಮೇಲೆ ಹಮ್ಮಿಕೊಳ್ಳಬೇಡಿ. ಬೆಳಗ್ಗೆಯೇ ಆರಂಭಿಸಿ, ಯುಪಿಎಸ್ ಮೂಲಕವೇ ಓಡಿಸಿ. ರಿಸ್ಟೋರಿನ ನಡುವೆ ಕರೆಂಟು ಹೋದರೆ ಕಂಪ್ಯೂಟರ್ ತೆರೆಯದೆಯೇ ಹೋದೀತು.

ಇಷ್ಟಾದರೂ ಗುಣ ಕಾಣದಿದ್ದರೆ ಫಾರ್ಮ್ಯಾಟಿಗಿಂತ ಹಿಂದಿನ ಮೆಟ್ಟಿಲು ಇನ್ನೊಂದಿದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಕನಿಷ್ಠ 8 ಜಿಬಿಯ ಪೆನ್‌ಡ್ರೈವನ್ನು ಸಿದ್ಧಪಡಿಸಿ, ವಿಂಡೋಸ್ ಓಡುತ್ತಿರುವಾಗಲೇ ಅದರ ಸೆಟಪ್ ತೆರೆದು, ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಳ್ಳುವ ಆಯ್ಕೆಯೊಂದಿಗೆ ವಿಂಡೋಸನ್ನು ಮೇಲಿಂದಲೇ ಮರುಸ್ಥಾಪಿಸಬಹುದು. ‘ರಿಸೆಟ್ ದಿಸ್ ಪಿಸಿ’ ಇದಕ್ಕೆ ಸಮಾನವಲ್ಲ. ಅದು ಕಡತಗಳನ್ನು ಉಳಿಸಿದರೂ ನೀವು ಹಾಕಿಕೊಂಡ ತಂತ್ರಾಂಶಗಳನ್ನು ತೆಗೆದುಹಾಕುತ್ತದೆ. ನುಡಿ, ಪೇಜ್‌ಮೇಕರ್ ಉಳಿಯಬೇಕಾದ ನಿಮಗೆ ಅದನ್ನು ನಾನು ಸೂಚಿಸಲಾರೆ.

ಪ್ರಶ್ನೆ: ಮಂಜೇಶ್ವರದಲ್ಲಿ ಪದವಿ ಓದುತ್ತಿದ್ದೇನೆ. ನನ್ನ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಸಿಸ್ಟಮ್ ರಿಸ್ಟೋರ್ ತೆರೆದರೆ ಒಂದೂ ರಿಸ್ಟೋರ್ ಪಾಯಿಂಟ್ ಇಲ್ಲವೆಂದು ಬರುತ್ತದೆ. ಯಾಕೆ?

ಉತ್ತರ: ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ಸೌಲಭ್ಯ ಆರಂಭದಿಂದಲೇ ನಿಷ್ಕ್ರಿಯವಾಗಿರುತ್ತದೆ. ಹುಡುಕುವ ಜಾಗದಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಬರೆದು ತೆರೆಯಿರಿ. ಸಿ ಡ್ರೈವನ್ನು ಆರಿಸಿ, ಕಾನ್ಫಿಗರ್ ಒತ್ತಿ, ರಕ್ಷಣೆಯನ್ನು ಸಕ್ರಿಯಗೊಳಿಸಿ, ಅಲ್ಲೇ ಒಂದು ಪಾಯಿಂಟನ್ನೂ ಮಾಡಿಕೊಳ್ಳಿ. ಮೀಸಲಿಟ್ಟ ಜಾಗ ತುಂಬಿದಂತೆ ಹಳೆಯ ಪಾಯಿಂಟುಗಳು ತಾವಾಗಿಯೇ ಅಳಿಯುತ್ತವೆ, ಆದ್ದರಿಂದ ಜಾಗವನ್ನು ತೀರಾ ಕಡಿಮೆ ಮಾಡಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಇದ್ದರೆ, ನೀಲಿ ಪರದೆಯಿಂದ ರಿಸ್ಟೋರ್ ಮಾಡುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಲ್ಯಾಪ್‌ಟಾಪ್ ಸರಿಯಾಗಿ ತೆರೆಯುತ್ತಿರುವ ಈಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ನೋಡಿ, ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಚೀಲದಲ್ಲಿ ಅಲ್ಲ, ಮನೆಯಲ್ಲಿ ಇಡಿ.