ಮೆಣಸಿನ ಎತ್ತಿನಿಂದ ಸೋಗಾನೆಯ ವಿಮಾನದವರೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ನೆಲ, ನೀರು, ಆಕಾಶದ ಸಾರಿಗೆ ಬಗ್ಗೆ ಬರೆದು ತರಲು ಹೇಳಿದ್ದಾರೆ. ಪುಸ್ತಕದಲ್ಲಿ ಬರೀ ಹೊರದೇಶದ ಕಥೆ. ನಮ್ಮ ಕಡೆ ಹಿಂದೆ ಸರಕು ಹೇಗೆ ಸಾಗುತ್ತಿತ್ತು? (ಸಾಗರ)

ನಿಮ್ಮ ಹಿತ್ತಲಿನ ಕಾಳುಮೆಣಸಿನ ಬಳ್ಳಿಯಿಂದಲೇ ಶುರು ಮಾಡಲು ಹೇಳಿ. ಆ ಮೆಣಸಿಗಾಗಿಯೇ ಪೋರ್ಚುಗೀಸರು ಆಫ್ರಿಕಾ ಸುತ್ತಿಕೊಂಡು ಬಂದರು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತಲೇ ಕರೆದರು. ಆದರೆ ಮೆಣಸು ಹಡಗು ಹತ್ತುವ ಮೊದಲು ಘಟ್ಟ ಇಳಿಯಬೇಕಲ್ವಾ? ಅಲ್ಲಿ ಗಾಡಿ ನಡೆಯುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ತುಂಬಿದ ಗಾಡಿ ಎತ್ತಿನ ಮೇಲೇ ನುಗ್ಗುತ್ತದೆ. ಅದಕ್ಕೇ ಹೇರೆತ್ತು ಬೇಕಾಗಿದ್ದು. ಬೆನ್ನಿನ ಆಚೆ ಈಚೆ ಸಮತೂಕದ ಗೋಣಿ, ಕೊರಳಲ್ಲಿ ಗಂಟೆ, ಒಂದರ ಹಿಂದೆ ಒಂದು ಸಾಲು.

ಒಂದು ಎತ್ತು ಸುಮಾರು 100 ಕಿಲೋ ಹೊರುತ್ತದೆ ಅಂತ ಇಟ್ಟುಕೊಳ್ಳಿ. 10 ಟನ್ ಹಿಡಿಸುವ ಒಂದೇ ಒಂದು ಹಾಯಿದೋಣಿ ತುಂಬಲು 100 ಎತ್ತು ಘಟ್ಟ ಇಳಿಯಬೇಕು. ಅಷ್ಟೂ ಮಾಲನ್ನು ಆಮೇಲೆ ಬೆರಳೆಣಿಕೆಯ ಜನ ಗಾಳಿ ನಂಬಿಕೊಂಡು ಒಯ್ಯುತ್ತಾರೆ, ಯಾಕೆಂದರೆ ಭಾರ ಹೊರುವುದು ನೀರು. ಮಗಳಿಗೆ ಈ ಲೆಕ್ಕ ಮಾಡಿಸಿ, ನೆಲಕ್ಕೂ ನೀರಿಗೂ ಇರುವ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಎತ್ತುಗಳು ಬರಿಗೈಲಿ ವಾಪಸ್ ಬರುತ್ತಿರಲಿಲ್ಲ, ಕರಾವಳಿಯ ಉಪ್ಪು ಹೊತ್ತು ಬರುತ್ತಿದ್ದವು. ವಿಜಯನಗರದ ಕಾಲದಲ್ಲಿ ಭಟ್ಕಳದಲ್ಲಿ ಹಡಗಿನಿಂದ ಇಳಿದ ಅರಬ್ ಕುದುರೆಗಳು ತಮ್ಮ ಕಾಲ ಮೇಲೇ ಘಟ್ಟ ಹತ್ತಿದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದಿಂದ ಇಕ್ಕೇರಿಗೆ ಬಂದ. ಹೊನ್ನಾವರದ ತನಕ ಸಮುದ್ರ, ಅಲ್ಲಿಂದ ಗೇರುಸೊಪ್ಪೆಗೆ ಶರಾವತಿಯ ಮೇಲೆ ದೋಣಿ, ಆಮೇಲೆ ಘಟ್ಟ. ನಿಮ್ಮ ಊರಿನ ಪಕ್ಕದ ಇಕ್ಕೇರಿ ದೇವಸ್ಥಾನಕ್ಕೆ ಮಗಳನ್ನು ಕರೆದುಕೊಂಡು ಹೋಗಿ ಈ ಕಥೆ ಅಲ್ಲೇ ಹೇಳಿ.

ರೈಲು ಬಂದದ್ದು ಪೂರ್ವದ ಕಡೆಯಿಂದ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ, 1940ರ ಹೊತ್ತಿಗೆ ತಾಳಗುಪ್ಪಕ್ಕೆ. ಘಟ್ಟದ ಅಂಚಿಗೆ ಬಂದು ನಿಂತ ಹಳಿ ಇವತ್ತಿಗೂ ಅಲ್ಲೇ ನಿಂತಿದೆ.

ಪ್ರಶ್ನೆ: ಅಜ್ಜನ ಕಾಲದ ಗಾಡಿ ಚಕ್ರ ಕೊಟ್ಟಿಗೆಯಲ್ಲಿದೆ. ಅದರ ಕಬ್ಬಿಣದ ಪಟ್ಟಿಗೆ ಒಂದು ಮೊಳೆಯೂ ಇಲ್ಲ. ಹೇಗೆ ಕೂತಿದೆ? (ತೀರ್ಥಹಳ್ಳಿ)

ಇದನ್ನು ಚಿಕ್ಕವನಿದ್ದಾಗ ಕುಲುಮೆಯ ಎದುರು ಕೂತು ನೋಡಿದ್ದೇನೆ. ಪಟ್ಟಿಯನ್ನು ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಮಾಡುತ್ತಾರೆ. ನೆಲದ ಮೇಲೆ ಮಲಗಿಸಿ, ಸುತ್ತ ಸೌದೆ, ಬೆರಣಿ ಒಟ್ಟಿ ಬೆಂಕಿ ಹಾಕುತ್ತಾರೆ. ಐದಡಿ ವ್ಯಾಸದ ಪಟ್ಟಿ ಕೆಂಪಗೆ ಕಾದಾಗ ಅದರ ಸುತ್ತಳತೆ ಎರಡು ಬೆರಳಿನಷ್ಟು ಹಿಗ್ಗುತ್ತದೆ. ಮೂರು ಜನ ಇಕ್ಕಳದಲ್ಲಿ ಎತ್ತಿ ತಂದು ಚಕ್ರಕ್ಕೆ ತೊಡಿಸಿದ ಕೂಡಲೇ ಮರ ಹೊತ್ತಿಕೊಳ್ಳುತ್ತದೆ, ಹೊಗೆಯಲ್ಲಿ ಏನೂ ಕಾಣುವುದಿಲ್ಲ, ಆಗ ಕೊಡಗಟ್ಟಲೆ ನೀರು. ಚುಂಯ್ ಅನ್ನುವ ಸದ್ದಿನ ನಡುವೆಯೇ ಮರದ ಕೀಲುಗಳು ಕಿರ್‌ರ್ ಅಂತ ಒಂದಕ್ಕೊಂದು ಬಿಗಿಯುವುದು ಕೇಳಿಸುತ್ತದೆ. ಕುಗ್ಗಿದ ಪಟ್ಟಿ ಇಡೀ ಚಕ್ರವನ್ನು ಒಳಕ್ಕೆ ಹಿಂಡಿ ಹಿಡಿಯುತ್ತದೆ, ಹಾಗಾಗಿ ಮೊಳೆ ಬೇಡ. ಬೇಸಿಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲವಾದರೆ ಗಾಡಿಯನ್ನು ಹೊಳೆಗೆ ಇಳಿಸಿ ಚಕ್ರ ನೆನೆಸುತ್ತಿದ್ದರು. ದಯವಿಟ್ಟು ಆ ಚಕ್ರವನ್ನು ಹೋಮ್‌ಸ್ಟೇ ಗೋಡೆಗೆ ಮಾರಬೇಡಿ.

ಪ್ರಶ್ನೆ: ಸಿಗಂದೂರು ಸೇತುವೆ ಆದ ಮೇಲೆ ಎಲ್ಲರೂ ಲಾಂಚ್ ನೆನೆದು ಬೇಜಾರು ಮಾಡಿಕೊಳ್ಳುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ತಪ್ಪಾ? (ತುಮರಿ)

ಖಂಡಿತ ತಪ್ಪಲ್ಲ. ಅಂಬಾರಗೋಡ್ಲಿನಲ್ಲಿ ಬಸ್ಸು, ಬೈಕು, ಜನ ಎಲ್ಲ ಲಾಂಚಿನ ಒಂದೇ ಹಲಗೆಯ ಮೇಲೆ ನಿಂತು ಶರಾವತಿ ಹಿನ್ನೀರಿನ ಆಚೆ ದಡದ ಕಳಸವಳ್ಳಿಗೆ ದಾಟುವುದು ನಮ್ಮಂಥ ಪ್ರವಾಸಿಗರಿಗೆ ಸೊಗಸಾಗಿತ್ತು. ನಿಮಗೆ ಅದೇ ದಾರಿಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ನಾಡಿಗೆಲ್ಲ ಕರೆಂಟು ಹೋಯಿತು, ನಿಮ್ಮ ಊರುಗಳ ರಸ್ತೆ ನೀರಿನಡಿ ಸೇರಿತು. ಸಂಜೆಯ ಕೊನೇ ಲಾಂಚ್ ಹೋದ ಮೇಲೆ ಬಸುರಿಗೆ ನೋವು ಬಂದರೂ ಸುತ್ತುಹಾದಿಯೇ ಗತಿಯಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. 2.44 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಆರು ದಶಕ ದಡದಲ್ಲಿ ಕಾದವರು ಖುಷಿಪಡುವುದೇ ಸರಿ, ಫೋಟೋ ತೆಗೆದುಕೊಂಡು ಹೋದ ನಾವು ಅಳುವುದು ಸರಿಯಲ್ಲ.

ಪ್ರಶ್ನೆ: ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದ ರನ್‌ವೇ ಯಾಕೆ ಅಷ್ಟು ಉದ್ದ? (ಭದ್ರಾವತಿ)

ರೈಟ್ ಸಹೋದರರ ವಿಮಾನ 1903ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ್ದು 12 ಸೆಕೆಂಡು, ಬರೀ 120 ಅಡಿ. ನಮ್ಮ ರನ್‌ವೇ 3 ಕಿ.ಮೀ. ದಾಟುತ್ತದೆ. ವಿಮಾನವನ್ನು ಎತ್ತುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ, ತೂಕ ಜಾಸ್ತಿ ಆದಷ್ಟೂ ವೇಗ ಜಾಸ್ತಿ ಬೇಕು, ವೇಗಕ್ಕೆ ಓಡಲು ಜಾಗ ಬೇಕು. ನಮ್ಮ ಮಳೆಯಲ್ಲಿ ನೆಲ ಒದ್ದೆ ಇದ್ದಾಗ ನಿಲ್ಲುವುದಕ್ಕೂ ಉದ್ದ ಬೇಕು. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಪ್ರಯಾಣಿಕರ ಮೊದಲ ವಿಮಾನ ಬಂತು. ಅಡಿಕೆ ಮೂಟೆ ಮಾತ್ರ ಈಗಲೂ ಲಾರಿಯಲ್ಲೇ ಹೋಗುತ್ತದೆ. ಅಷ್ಟು ತೂಕವನ್ನು ಆಕಾಶಕ್ಕೆ ಎತ್ತಿದರೆ ಬಾಡಿಗೆಗೇ ಬೆಳೆ ಮುಗಿದುಹೋಗುತ್ತದೆ.