ವೇಷದ ಬಣ್ಣ ಬರೆದಿದ್ದೀರಿ, ವೇಷದ ಮಾತು ಬರೆದಿಲ್ಲ

ಮಾನ್ಯರೇ,

ವಂದನೆಗಳು. ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕಾರ್ನಿವಲ್ ಎಂಬ ವೇಷಗಳ ಬೀದಿಹಬ್ಬ ನೋಡಿ ಬಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಪ್ರಕಟಿಸಲೇಬೇಕಾದ ಒಂದು ಲೇಖನ ಅದರೊಳಗೆ ಅಡಗಿದೆ ಎನಿಸಿದ್ದರಿಂದ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪುಟಗಳಲ್ಲಿ ‘ವರ್ಣರಂಜಿತ’ ಎಂಬ ಪದ ಹನ್ನೊಂದು ಸಲ ಬಂದಿದೆ. ಗರಿ, ಮಣಿ, ಜರಿ ಎಲ್ಲವೂ ಇವೆ. ಆ ವೇಷಗಳನ್ನು ತೊಟ್ಟವರು ನೋಡುಗರನ್ನು ಏನು ಮಾಡುತ್ತಾರೆ ಎಂಬುದು ಮಾತ್ರ ಇಲ್ಲ. ಅಲ್ಲಿಯ ಹಳೆಯ ಪಾತ್ರಗಳು ದೂರ ನಿಂತು ನೋಡಲಿಕ್ಕಿರುವವಲ್ಲ, ಹತ್ತಿರ ಬಂದು ನಮ್ಮನ್ನು ತಡೆದು ನಿಲ್ಲಿಸುವಂಥವು.

ಮಿಡ್‌ನೈಟ್ ರಾಬರ್‌ನನ್ನು ನೀವು ‘ದೊಡ್ಡ ಟೋಪಿಯ ದರೋಡೆಕೋರ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಅಂಚಿಗೆ ಕುಚ್ಚು ತೂಗುವ ಆ ಅಗಲ ಟೋಪಿಗಿಂತ ಅವನ ನಾಲಗೆ ದೊಡ್ಡದು. ಸೀಟಿ ಊದಿ, ದಾರಿಗೆ ಅಡ್ಡ ನಿಂತು, ತನ್ನ ಭಯಂಕರ ಹುಟ್ಟನ್ನೂ ತಾನು ನಡೆಸಿದ ಸಂಹಾರಗಳನ್ನೂ ಉಸಿರು ಬಿಡದೆ ಕೊಚ್ಚಿಕೊಳ್ಳುತ್ತ, ಎದುರಿಗಿದ್ದವರು ಶವಪೆಟ್ಟಿಗೆಯ ಆಕಾರದ ಡಬ್ಬಿಗೆ ಹಣ ಹಾಕುವ ತನಕ ಅವನು ಬಿಡುವುದಿಲ್ಲ. ನಿಮ್ಮ ಕೊನೆಯ ಪುಟದಲ್ಲಿ ‘ಒಬ್ಬ ನನ್ನನ್ನು ತಡೆದು ಏನೇನೋ ಹೇಳಿ ಹಣ ಕೇಳಿದ’ ಎಂಬ ಸಾಲಿದೆ. ಲೇಖನ ಅಲ್ಲಿಂದಲೇ ಶುರುವಾಗಬೇಕಿತ್ತು.

ಬೇಬಿ ಡಾಲ್ ಕೂಡ ಹಾಗೆಯೇ. ಫ್ರಿಲ್ಲಿನ ಗೌನು ತೊಟ್ಟು, ಬೊಂಬೆಯನ್ನು ಎತ್ತಿಕೊಂಡು ಬರುವ ಅವಳು ಗುಂಪಿನಲ್ಲಿರುವ ಯಾವನೋ ಗಂಡಸಿನತ್ತ ಬೆರಳು ತೋರಿಸಿ, ಈ ಕೂಸಿನ ಅಪ್ಪ ನೀನೇ, ಹಾಲಿಗೆ ದುಡ್ಡು ಕೊಡು ಎಂದು ಎಲ್ಲರೆದುರು ಜಗಳ ತೆಗೆಯುತ್ತಾಳೆ. ನಿಮ್ಮ ಬರಹದಲ್ಲಿ ಅವಳು ‘ಮುದ್ದಾದ ಗುಲಾಬಿ ಉಡುಪಿನ ಹುಡುಗಿ’ ಮಾತ್ರ.

ಚರಿತ್ರೆಯಲ್ಲೂ ಒಂದು ತಪ್ಪಾಗಿದೆ. ಗುಲಾಮರು ಮೊದಲಿನಿಂದಲೂ ಬೀದಿಯಲ್ಲಿ ಸ್ವತಂತ್ರವಾಗಿ ಕಾರ್ನಿವಲ್ ಆಡುತ್ತಿದ್ದರೆಂದು ಬರೆದಿದ್ದೀರಿ. 1783ರ ನಂತರ ಬಂದು ನೆಲೆಸಿದ ಫ್ರೆಂಚ್ ತೋಟದ ಮಾಲೀಕರ ಮುಖವಾಡದ ನೃತ್ಯಕೂಟಗಳೇ ಆಗ ಮುಖ್ಯವಾಗಿದ್ದವು. 1838ರಲ್ಲಿ ಪೂರ್ಣ ಬಿಡುಗಡೆ ದೊರೆತ ಮೇಲೆ ಕರಿಯ ಜನರು ಬೀದಿಯನ್ನು ತಮ್ಮದಾಗಿಸಿಕೊಂಡರು. ಉರಿಯುವ ಕಬ್ಬಿನ ಗದ್ದೆಯ ನೆನಪಿನ ‘ಕ್ಯಾಂಬೂಲೆ’ ಪಂಜಿನ ಮೆರವಣಿಗೆಯನ್ನು 1881ರಲ್ಲಿ ಪೊಲೀಸರು ಹತ್ತಿಕ್ಕಲು ಹೋದಾಗ ಘರ್ಷಣೆಯೇ ನಡೆಯಿತು. ಇದು ತಿಳಿದಾಗಲೇ ಎದೆ, ಹಿಂಭಾಗಗಳಿಗೆ ದಿಂಬು ಕಟ್ಟಿಕೊಂಡು ಬಳುಕುವ ಡೇಮ್ ಲೊರೇನ್ ಎಂಬ ವೇಷ ಯಾರನ್ನು ಅಣಕಿಸುತ್ತದೆಂದು ಗೊತ್ತಾಗುತ್ತದೆ: ಆ ಮಾಲೀಕರ ಹೆಂಡತಿಯರನ್ನು. ಮೈಗೆಲ್ಲ ಕಾಕಂಬಿ ಬಳಿದುಕೊಂಡು ಬರುವ ದೆವ್ವ, ಜಾಬ್ ಮೊಲಾಸಿ, ನಿಮಗೆ ‘ಕೊಳಕಾಗಿ’ ಕಂಡಿದ್ದಾನೆ. ಕಾಕಂಬಿ ಎಲ್ಲಿಂದ ಬಂತು, ಅದರ ಹಿಂದೆ ಯಾರ ದುಡಿಮೆಯಿತ್ತು ಎಂದು ಯೋಚಿಸಿದ್ದರೆ ಆ ವಿಶೇಷಣ ನಿಮ್ಮ ಲೇಖನಿಯಿಂದ ಬರುತ್ತಿರಲಿಲ್ಲ.

ಹುಲಿವೇಷದೊಂದಿಗಿನ ಇಡೀ ಪುಟದ ಹೋಲಿಕೆಯನ್ನು ತೆಗೆದುಬಿಡಿ. ಎರಡಕ್ಕೂ ಅದರಿಂದ ನ್ಯಾಯ ಸಲ್ಲಿಲ್ಲ. ಆದರೆ ನಮ್ಮ ಪದಗಳನ್ನು ಧಾರಾಳವಾಗಿ ಬಳಸಿ. ಮೋಕೋ ಜಂಬಿ ಎಂಬ ವೇಷಧಾರಿ ನಡೆಯುವುದು ಮರಗಾಲಿನ ಮೇಲೆ. ಸೊಂಟಕ್ಕೆ ಕತ್ತೆಯ ಆಕೃತಿ ಕಟ್ಟಿಕೊಂಡು ಕುಣಿಯುವ ಬರೋಕೀಟ್ ಅನ್ನು ವಿವರಿಸಲು ಆರು ಸಾಲು ಬೇಡ, ಕೀಲುಕುದುರೆಯಂತೆ ಎಂದರೆ ಸಾಕು.

ಮತ್ತೆ ಬರೆಯಲು ಕೂರುವ ಮುನ್ನ ಆ ರಾಬರ್ ಹೇಳಿದ್ದರಲ್ಲಿ ನೆನಪಿರುವಷ್ಟನ್ನು, ಅರ್ಥವಾಗದ್ದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಅವನ ಡಬ್ಬಿಗೆ ಎಷ್ಟು ಹಾಕಿದಿರಿ ಎಂಬುದನ್ನೂ ಬರೆಯಿರಿ.

ಇಂತಿ ವಿಶ್ವಾಸದಿಂದ,
ಸಂಪಾದಕ